ಲ್ಯಾಟಿನ್ ಪೂಜೆ ಮಾಡುವ ಫಾದರ್ ನಿಜಕ್ಕೂ ಯಾಜಕರೇ? ಅವರ ಪೂಜೆಗೆ ಹೋಗಬಹುದೇ?

ಕಡಲತೀರ_77:
ಅಮೆರಿಕ, ಯುರೋಪಿನಲ್ಲಿ ನೆಲೆಸಿದ ನಮ್ಮ ಕಥೋಲಿಕರಲ್ಲಿ ಈ ಗೊಂದಲ ಹೆಚ್ಚು. ಮನೆ ಹತ್ತಿರವೇ ಹಳೆಯ ಲ್ಯಾಟಿನ್ ಪೂಜೆ ನಡೆಯುತ್ತಿರುತ್ತದೆ, ಆದರೆ ವಿಚಾರಿಸಿದರೆ ಆ ಚಾಪೆಲ್ ಯಾವ ಧರ್ಮಕ್ಷೇತ್ರಕ್ಕೂ ಸೇರಿದ್ದಲ್ಲ. ಮೂರು ಬಗೆಯವರು ಕಾಣಸಿಗುತ್ತಾರೆ: ಹಳೆಯ ಪೂಜೆಯನ್ನೇ ಹಿಡಿದಿರುವ, ಆರ್ಚ್‌ಬಿಷಪ್ ಲೆಫೆವ್ರ್ ಕಟ್ಟಿದ ಸಂತ ಹತ್ತನೇ ಪಿಯುಸ್ ಸಂಘದವರು (ಎಸ್‌ಎಸ್‌ಪಿಎಕ್ಸ್), ರೋಮಿನ ಅಪ್ಪಣೆಯಿಲ್ಲದೆ ಬಿಷಪರನ್ನು ಅಭಿಷೇಕಿಸಿದ ವಿಯೆಟ್ನಾಮಿನ ಆರ್ಚ್‌ಬಿಷಪ್ ಥುಕ್ ಅವರ ಸಾಲಿನಿಂದ ಬಂದವರು, ಮತ್ತು ‘ಓಲ್ಡ್ ಕ್ಯಾಥೊಲಿಕ್’ ಎಂದು ಹೇಳಿಕೊಳ್ಳುವ ಸ್ವತಂತ್ರ ಬಿಷಪರ ಕಡೆಯವರು.

ಇವರ ಪೂಜೆ ಸಿಂಧುವೇ? ಭಾನುವಾರ ಪೂಜೆಗೆ ಹೋಗಲೇಬೇಕೆಂಬ ಕಟ್ಟಳೆ ಅಲ್ಲಿ ತೀರುತ್ತದೆಯೇ? ಪಾಪನಿವೇದನೆ ಮಾಡಬಹುದೇ? 1968ರಲ್ಲಿ ರೋಮ್ ದೀಕ್ಷೆಯ ವಿಧಿಯನ್ನು ಬದಲಿಸಿತು; ಇವರಲ್ಲೇ ಕೆಲವರು ಆ ನಂತರ ದೀಕ್ಷೆ ಪಡೆದ ನಮ್ಮೂರಿನ ಫಾದರುಗಳೇ ಯಾಜಕರಲ್ಲ ಎನ್ನುತ್ತಾರೆ. ಅದರಲ್ಲಿ ಹುರುಳಿದೆಯೇ?

ಕಡತಪ್ರಿಯ:
ಎರಡು ಪ್ರಶ್ನೆಗಳನ್ನು ಒಂದೇ ಗಂಟಿನಲ್ಲಿ ಕಟ್ಟಿದ್ದೀರಿ, ಮೊದಲು ಬಿಡಿಸೋಣ. ಸಂಸ್ಕಾರ ನಡೆಯಿತೇ ಎನ್ನುವುದು ಸಿಂಧುತ್ವದ ಮಾತು. ನಡೆಸಲು ಧರ್ಮಸಭೆಯ ಅಪ್ಪಣೆ ಇತ್ತೇ ಎನ್ನುವುದು ಬೇರೆ ಮಾತು. ಅಪ್ಪಣೆಯಿಲ್ಲದ ಪೂಜೆಯೂ ಸಿಂಧುವಾಗಿರಬಹುದು. ಗ್ರೀಕ್ ಆರ್ಥೊಡಾಕ್ಸ್ ಪೂಜೆಯನ್ನು ರೋಮ್ ಸಿಂಧುವೆಂದೇ ಒಪ್ಪುತ್ತದೆ. ಹಾಗೆಂದು ಭಾನುವಾರ ನಮ್ಮ ಪೂಜೆ ಬಿಟ್ಟು ಅಲ್ಲಿಗೆ ಹೋಗಿ ಎಂದೇನೂ ಹೇಳುವುದಿಲ್ಲ.

ಯಾಜಕದೀಕ್ಷೆ ಸಿಂಧುವಾಗಲು ಬೇಕಾದವು: ಸಿಂಧುವಾಗಿ ಅಭಿಷಿಕ್ತನಾದ ಬಿಷಪ್, ದೀಕ್ಷಾಸ್ನಾನ ಪಡೆದ ಪುರುಷ, ತಲೆಯ ಮೇಲೆ ಕೈಯಿಡುವಿಕೆ, ನಿಗದಿಯಾದ ಪ್ರಾರ್ಥನಾವಾಕ್ಯ, ಮತ್ತು ಧರ್ಮಸಭೆ ಮಾಡುವುದನ್ನೇ ಮಾಡುವ ಉದ್ದೇಶ. ಹಿಂದೆ ಪಾನಪಾತ್ರೆ, ತಟ್ಟೆ ಮುಟ್ಟಿಸುವುದೂ ಅತ್ಯಗತ್ಯವೇ ಎಂಬ ತರ್ಕವಿತ್ತು. 1947ರ ನವೆಂಬರ್ 30ರಂದು ಹನ್ನೆರಡನೇ ಪಿಯುಸ್ ಕೈಯಿಡುವಿಕೆ ಮತ್ತು ಪ್ರಾರ್ಥನಾವಾಕ್ಯ ಇಷ್ಟೇ ಸಾಕೆಂದು ತೀರ್ಮಾನಿಸಿದರು. ಬಿಷಪ್ ಅಭಿಷೇಕಕ್ಕೆ ಮೂವರು ಬಿಷಪರು ಬೇಕೆನ್ನುವುದು ನಿಯಮ. ಸಿಂಧುತ್ವಕ್ಕೆ ಒಬ್ಬರೇ ಸಾಕು.

ಹತ್ತನೇ ಪಿಯುಸ್ ಸಂಘದ ಯಾಜಕರ ದೀಕ್ಷೆ ಸಿಂಧು, ರೋಮ್ ಇದನ್ನು ಎಂದೂ ಅಲ್ಲಗಳೆದಿಲ್ಲ. 1988ರ ಜೂನ್ 30ರಂದು ಸ್ವಿಟ್ಜರ್ಲೆಂಡಿನ ಎಕೋನ್‌ನಲ್ಲಿ ಆರ್ಚ್‌ಬಿಷಪ್ ಲೆಫೆವ್ರ್ ಪೋಪ್ ಅಪ್ಪಣೆಯಿಲ್ಲದೆ ನಾಲ್ವರನ್ನು ಬಿಷಪರನ್ನಾಗಿ ಅಭಿಷೇಕಿಸಿದಾಗ ಬಹಿಷ್ಕಾರ ಬಿತ್ತು. ಆ ನಾಲ್ವರ ಮೇಲಿದ್ದುದನ್ನು 2009ರಲ್ಲಿ ತೆಗೆದರು. ಭಾನುವಾರದ ಕಟ್ಟಳೆಯ ಬಗ್ಗೆ ಇಂಥ ವಿಷಯಗಳನ್ನು ರೋಮಿನಲ್ಲಿ ನೋಡಿಕೊಳ್ಳುತ್ತಿದ್ದ ಎಕ್ಲೇಸಿಯಾ ದೇಯಿ ಆಯೋಗದ 2003ರ ಜನವರಿ 18ರ ಪತ್ರವಿದೆ: ಕಟ್ಟುನಿಟ್ಟಿನ ಅರ್ಥದಲ್ಲಿ ಕಟ್ಟಳೆ ತೀರುತ್ತದೆ, ಹಳೆಯ ಮಿಸ್ಸಾಲಿನ (ಪೂಜಾಪುಸ್ತಕದ) ಮೇಲಿನ ಭಕ್ತಿಯಿಂದ ಹೋದರೆ ಪಾಪವಲ್ಲ, ಪೋಪ್‌ರಿಂದ ದೂರವಾಗುವ ಇಚ್ಛೆಯಿಂದ ಹೋದರೆ ಪಾಪ, ಆದರೆ ಹೋಗಿ ಎಂದು ನಾವು ಶಿಫಾರಸು ಮಾಡಲಾರೆವು. ಇದನ್ನು ಉಲ್ಲೇಖಿಸುವವರು ಕೊನೆಯ ತುಣುಕನ್ನು ಸಾಮಾನ್ಯವಾಗಿ ನುಂಗಿಬಿಡುತ್ತಾರೆ.

ಪಾಪನಿವೇದನೆ, ವಿವಾಹ ಬೇರೆ ಲೆಕ್ಕ. ಅಲ್ಲಿ ಯಾಜಕನಾಗಿದ್ದರಷ್ಟೇ ಸಾಲದು, ಅಧಿಕಾರ ಬೇಕು (ಧರ್ಮಸಭೆಯ ಕಾನೂನಿನ ಕಲಂ, ಅಂದರೆ ಕ್ಯಾನನ್ 966, 1108). ಅಧಿಕಾರವಿಲ್ಲದ ನಿಜವಾದ ಯಾಜಕ ಕೊಟ್ಟ ಪಾಪಕ್ಷಮೆಯೂ ಅಸಿಂಧು. ಈ ಸಂಘದವರಿಗೆ ಪೋಪ್ ಫ್ರಾನ್ಸಿಸ್ ಕರುಣೆಯ ವರ್ಷಕ್ಕೆಂದು 2015ರಲ್ಲಿ ಪಾಪನಿವೇದನೆಯ ಅಧಿಕಾರ ಕೊಟ್ಟು, 2016ರ ನವೆಂಬರಿನಲ್ಲಿ ಅದನ್ನು ಮುಂದುವರಿಸಿದರು. ವಿವಾಹಕ್ಕೆ 2017ರ ಮಾರ್ಚ್ 27ರ ಪತ್ರದಂತೆ ಸ್ಥಳೀಯ ಬಿಷಪರ ನಿಯೋಜನೆ ಬೇಕು. ಆ ಕಾಗದ ಕೈಯಲ್ಲಿಲ್ಲದೆ ಮದುವೆಯ ದಿನ ಗೊತ್ತುಮಾಡಬೇಡಿ. ಉಳಿದ ಎರಡು ಬಗೆಯವರಿಗೆ ಇಂಥ ಅಧಿಕಾರ ಯಾರೂ ಕೊಟ್ಟಿಲ್ಲ. ಸಾವಿನ ಅಪಾಯದಲ್ಲಿ ಮಾತ್ರ ಯಾವ ಯಾಜಕನಾದರೂ ಸರಿ (ಕ್ಯಾನನ್ 976).

ಹಳೇ_ಮಿಸ್ಸಾಲ್:
1968ರ ಪ್ರಶ್ನೆಯನ್ನು ಅಷ್ಟು ಸುಲಭವಾಗಿ ದಾಟಿಬಿಟ್ಟಿರಲ್ಲ. ಬಿಷಪ್ ಅಭಿಷೇಕದ ಹಳೆಯ ವಾಕ್ಯ ‘ನಿನ್ನ ಸೇವೆಯ ಪೂರ್ಣತೆಯನ್ನು ನಿನ್ನ ಯಾಜಕನಲ್ಲಿ ತುಂಬು’ ಎಂದು ನೇರವಾಗಿ ಕೇಳುತ್ತದೆ. ಹೊಸದರಲ್ಲಿ ಇರುವುದು ‘ಸ್ಪಿರಿತುಮ್ ಪ್ರಿಂಚಿಪಾಲೆಮ್’. ದೀಕ್ಷೆಯ ಅಧಿಕಾರ ಮತ್ತು ಪವಿತ್ರಾತ್ಮನ ವರ ಎರಡನ್ನೂ ವಾಕ್ಯವು ನಿಸ್ಸಂದಿಗ್ಧವಾಗಿ ಸೂಚಿಸಬೇಕು ಎಂದದ್ದು ಹನ್ನೆರಡನೇ ಪಿಯುಸ್ ಅವರೇ. ಆ ಪದದಿಂದ ಬಿಷಪ್ ಪದವಿ ಎಲ್ಲಿ ಹೊರಡುತ್ತದೆ? ಬಿಷಪ್ ಸಂಶಯಾಸ್ಪದನಾದರೆ ಅವನು ದೀಕ್ಷೆ ಕೊಟ್ಟ ಯಾಜಕರೂ ಸಂಶಯಾಸ್ಪದರು. ಸಂಸ್ಕಾರಗಳ ಸಿಂಧುತ್ವದಲ್ಲಿ ‘ಬಹುಶಃ ಸರಿ’ ಸಾಲದು, ಸುರಕ್ಷಿತ ದಾರಿಯನ್ನೇ ಹಿಡಿಯಬೇಕು ಎಂದು 1679ರಲ್ಲೇ ಹನ್ನೊಂದನೇ ಇನ್ನೊಸೆಂಟ್ ಹೇಳಿಯಾಗಿದೆ.

ಕಡತಪ್ರಿಯ:
1679ರ ತೀರ್ಪು ನಿಜ, ಅನ್ವಯ ತಪ್ಪು. ಸುರಕ್ಷಿತ ದಾರಿಯ ನಿಯಮ ಏಳುವುದು ಕಾರಣವಿರುವ ಸಂಶಯಕ್ಕೆ. ‘ಯಾಕೋ ಅನುಮಾನ’ ಎಂಬುದಕ್ಕಲ್ಲ.

ಕಾರಣ ಇದೆಯೇ ನೋಡೋಣ. ಆ ಪದ ಲ್ಯಾಟಿನ್ ಬೈಬಲಿನ 50ನೇ ಕೀರ್ತನೆಯದು, ‘ಸ್ಪಿರಿತು ಪ್ರಿಂಚಿಪಾಲಿ’. ಅರ್ಥ: ಮುಂದಾಳುತನದ, ಆಳ್ವಿಕೆಯ ಆತ್ಮ. ಅದೊಂದನ್ನೇ ಕಿತ್ತು ನೋಡಿದರೆ ಮಬ್ಬು ಎನ್ನಬಹುದು. ಆದರೆ ವಾಕ್ಯ ಅಲ್ಲಿಗೆ ನಿಲ್ಲುವುದಿಲ್ಲ. ‘ಆಯ್ಕೆಯಾದ ಇವನ ಮೇಲೆ ಸುರಿ’ ಎನ್ನುತ್ತದೆ. ಆ ಆತ್ಮವನ್ನು ತಂದೆ ಮಗನಿಗೆ, ಮಗ ಪ್ರೇಷಿತರಿಗೆ ಕೊಟ್ಟ, ಅವರು ಧರ್ಮಸಭೆಯನ್ನು ಸ್ಥಾಪಿಸಿದರು ಎಂದು ಮುಂದುವರಿಯುತ್ತದೆ. ಇದು ಹಿಪ್ಪೊಲಿಟಸ್ ಹೆಸರಿನ ಪುರಾತನ ಪಠ್ಯದಿಂದ ಬಂದದ್ದು. ಕಾಪ್ಟಿಕ್ ಸಭೆಯ ಬಿಷಪ್ ಅಭಿಷೇಕದ ಪ್ರಾರ್ಥನೆಯೂ ಅದೇ ಬೇರಿನದು, ಕಾಪ್ಟಿಕ್ ಬಿಷಪರನ್ನು ರೋಮ್ ಸಿಂಧುವೆಂದೇ ಎಣಿಸುತ್ತದೆ. ಯಾಜಕದೀಕ್ಷೆಯ ವಾಕ್ಯವಂತೂ ಹಳೆಯದಕ್ಕಿಂತ ಬೇರೆಯಾಗಿರುವುದು ಮುಖ್ಯವಾಗಿ ‘ಉತ್’ ಎಂಬ ಪದ ಬಿಟ್ಟದ್ದರಲ್ಲಿ, ಅಂದರೆ ‘ಆಗುವಂತೆ’ ಎಂಬ ಜೋಡಣೆಯಲ್ಲಿ. ಯಾಜಕತ್ವದ ಘನತೆಯನ್ನು ಕೊಡು ಎಂಬ ಮಾತು ಇದ್ದಲ್ಲೇ ಇದೆ.

1896ರಲ್ಲಿ ಹದಿಮೂರನೇ ಲಿಯೋ ಆಂಗ್ಲಿಕನ್ ದೀಕ್ಷೆಗಳನ್ನು ಅಸಿಂಧು ಎಂದರಲ್ಲ ಎಂದು ಕೇಳಬಹುದು. ಅಲ್ಲಿ ಬಲಿ ಅರ್ಪಿಸುವ ಯಾಜಕತ್ವದ ಕಲ್ಪನೆಯನ್ನೇ ವಿಧಿಯಿಂದ ಬೇಕೆಂದೇ ಕಿತ್ತುಹಾಕಿದ್ದರು. ಪದಗಳನ್ನು ಆಮೇಲೆ ಸೇರಿಸುವ ಹೊತ್ತಿಗೆ ಬಿಷಪರ ಸಾಲೇ ಕಡಿದುಹೋಗಿತ್ತು. ಆ ತೀರ್ಪಿನಲ್ಲೇ ಇನ್ನೊಂದು ಮಾತಿದೆ: ಸರಿಯಾದ ವಿಧಿಯನ್ನು ಗಂಭೀರವಾಗಿ ನೆರವೇರಿಸಿದವನ ಉದ್ದೇಶವೂ ಸರಿಯಿತ್ತೆಂದೇ ಭಾವಿಸಬೇಕು. ಲೆಫೆವ್ರ್‌ಗೆ ಅಭಿಷೇಕ ಮಾಡಿದ ಕಾರ್ಡಿನಲ್ ಲಿಯೆನಾರ್ ಗುಟ್ಟಾಗಿ ಫ್ರೀಮೇಸನ್ (ಕಥೋಲಿಕರಿಗೆ ನಿಷಿದ್ಧವಾದ ಸಂಘದ ಸದಸ್ಯ) ಆಗಿದ್ದರು ಎಂಬ ವದಂತಿಯೂ ಇದಕ್ಕೇ ಬಿದ್ದುಹೋಗುತ್ತದೆ. ಸಾಲದ್ದಕ್ಕೆ ಅಲ್ಲಿ ಇನ್ನಿಬ್ಬರು ಬಿಷಪರೂ ಕೈಯಿಟ್ಟಿದ್ದರು.

ಬಾರ್ಕೂರು_ಬೀದಿ:
ಮೂರನೇ ಬಗೆಯ ಬೇರು ನಮ್ಮ ಉಡುಪಿ ಜಿಲ್ಲೆಯ ಅಂಚಿಗೇ ಬಂದು ತಾಗುತ್ತದೆ, ಗೊತ್ತುಂಟಾ? ಇಲ್ಲಿನ ಸಭೆಯನ್ನು ಯಾರು ಆಳಬೇಕೆಂದು ಪೋರ್ಚುಗೀಸ್ ಪದ್ರೊವಾದೊ (ರಾಜನ ಪೋಷಕಾಧಿಕಾರ) ಮತ್ತು ರೋಮಿನ ಪ್ರೊಪಗಾಂಡಾ (ಧರ್ಮಪ್ರಚಾರ ಇಲಾಖೆ) ನಡುವೆ ನಡೆದ ಜಗಳದಲ್ಲಿ ಸಿಡಿದು ಹೊರಬಂದ ಗೋವಾದ ಫಾದರ್ ಆಲ್ವಾರಿಸ್, 1889ರಲ್ಲಿ ಕೇರಳದ ಮಲಂಕರ ಸಭೆಯ ಬಿಷಪರಿಂದ ಅಭಿಷೇಕ ಪಡೆದು ಮಾರ್ ಜೂಲಿಯಸ್ ಆದರು. ಬ್ರಹ್ಮಾವರದ ಸಮುದಾಯ ಅವರ ಜೊತೆ ನಿಂತಿತು. ಅವರೇ 1892ರಲ್ಲಿ ಕೊಲಂಬೊದಲ್ಲಿ ರೆನೆ ವಿಲಾತ್ ಎಂಬ ಫ್ರೆಂಚ್ ಮೂಲದವನಿಗೆ ಬಿಷಪ್ ಅಭಿಷೇಕ ಮಾಡಿದ್ದು. ಅಮೆರಿಕದ ಎಷ್ಟೋ ಸ್ವತಂತ್ರ ‘ಕ್ಯಾಥೊಲಿಕ್’ ಬಿಷಪರು ತಮ್ಮ ಸಾಲನ್ನು ಈ ವಿಲಾತ್‌ವರೆಗೆ ಎಳೆಯುತ್ತಾರೆ. ವಿಲಾತ್ ಮಾತ್ರ 1925ರಲ್ಲಿ ರೋಮಿಗೇ ಮರಳಿದ!

ತೊಂದರೆ ಇರುವುದು ಕೊಲಂಬೊದಲ್ಲಲ್ಲ, ಆಮೇಲಿನ ಕೊಂಡಿಗಳಲ್ಲಿ. ಒಬ್ಬನೇ ಮೂರ್ನಾಲ್ಕು ಸಾಲುಗಳಿಂದ ಮತ್ತೆ ಮತ್ತೆ ಅಭಿಷೇಕ ಮಾಡಿಸಿಕೊಳ್ಳುವುದು, ತಾವೇ ಬರೆದ ವಿಧಿ, ಸಾಕ್ಷಿಯಿಲ್ಲದ ಕೋಣೆ, ನಡುವೆ ಎಲ್ಲೋ ಮಹಿಳಾ ಬಿಷಪ್. ಒಂದು ಕೊಂಡಿ ಕಳಚಿದರೂ ಮುಂದಿನದೆಲ್ಲ ಶೂನ್ಯ. ಇದು ಕಡತಪ್ರಿಯರು ಹೇಳಿದ ‘ಕಾರಣವಿರುವ ಸಂಶಯ’ವೇ. ಅಂದಹಾಗೆ ಬ್ರಹ್ಮಾವರದವರನ್ನು ಈ ಗುಂಪಿಗೆ ಸೇರಿಸಬೇಡಿ, ಅವರು ಮಲಂಕರ ಆರ್ಥೊಡಾಕ್ಸ್ ಸಭೆಯವರು.

ಥುಕ್ ಸಾಲು ಇದಕ್ಕಿಂತ ಗಟ್ಟಿ. ಥುಕ್ ಬಿಷಪರನ್ನಾಗಿ ಅಭಿಷೇಕಿಸಿದ್ದು 1981ರ ಮೇ 7ರಂದು ಫ್ರಾನ್ಸಿನ ತೂಲೋನ್‌ನಲ್ಲಿ ಗೆರಾರ್ ದೆ ಲೊರಿಯೆ ಅವರನ್ನು, ಅಕ್ಟೋಬರಿನಲ್ಲಿ ಕಾರ್ಮೊನಾ ಮತ್ತು ಸಮೋರಾ ಅವರನ್ನು, ಎಲ್ಲ ಹಳೆಯ ವಿಧಿಯಲ್ಲಿ. ತೂಲೋನಿನದಕ್ಕೆ ಇಬ್ಬರು ಗೃಹಸ್ಥರು ಸಾಕ್ಷಿ. ಥುಕ್ ಅವರ ಬುದ್ಧಿಸ್ಥಿತಿ ಸರಿಯಿತ್ತೇ ಎಂಬ ವಾದ ಸಂಪ್ರದಾಯವಾದಿಗಳೊಳಗೇ ಇನ್ನೂ ಮುಗಿದಿಲ್ಲ. ರೋಮ್ 1983ರ ಮಾರ್ಚ್ 12ರಂದು ಜಾಣತನದ ಉತ್ತರ ಕೊಟ್ಟಿತು: ಸಿಂಧುತ್ವದ ಮಾತು ಏನೇ ಇರಲಿ, ಈ ದೀಕ್ಷೆಗಳನ್ನು ಧರ್ಮಸಭೆ ಒಪ್ಪುವುದಿಲ್ಲ, ಮುಂದೆಯೂ ಒಪ್ಪದು, ಅವರು ಮೊದಲು ಏನಾಗಿದ್ದರೋ ಅದೇ.

ಕಡಲತೀರ_77:
ಬಹಳ ಉಪಕಾರ. ಹಾಗಾದರೆ ಚಾಪೆಲ್ಲಿನ ಫಾದರ್ ಹತ್ತಿರ ಏನೇನು ಕೇಳಬೇಕು? ಸುತ್ತಮುತ್ತ ಬೇರೆ ಪೂಜೆಯೇ ಇಲ್ಲದಿದ್ದರೆ?

ಕಡತಪ್ರಿಯ:
ಮೊದಲು ‘ಸೆಲೆಬ್ರೆತ್’ ಕೇಳಿ. ಇದು ಯಾಜಕನ ಮೇಲಧಿಕಾರಿ ಕೊಡುವ ಪತ್ರ, ಕ್ಯಾನನ್ 903ರಂತೆ ಒಂದು ವರ್ಷದೊಳಗಿನದಾಗಿರಬೇಕು. ಆಮೇಲೆ ಯಾವ ಧರ್ಮಕ್ಷೇತ್ರಕ್ಕೆ ಅಥವಾ ಸಂಘಕ್ಕೆ ಸೇರಿದವರು ಎಂದು ಕೇಳಿ. ಎಲ್ಲಿಗೂ ಸೇರದ ಯಾಜಕ ಇರುವಂತಿಲ್ಲ. ದೀಕ್ಷೆಯ ದಿನಾಂಕ, ಊರು, ದೀಕ್ಷೆ ಕೊಟ್ಟ ಬಿಷಪರ ಹೆಸರು, ಆ ಬಿಷಪರಿಗೆ ಅಭಿಷೇಕ ಮಾಡಿದವರ ಹೆಸರು ಬರೆದುಕೊಳ್ಳಿ. ಇದನ್ನು ಹೇಳಲು ತಡವರಿಸುವವರಿದ್ದರೆ ಅಲ್ಲಿಗೆ ಮುಗಿಯಿತು. ಅಡ್ಡಪರಿಶೀಲನೆಗೂ ದಾರಿಯುಂಟು: ಕ್ಯಾನನ್ 1054ರಂತೆ ದೀಕ್ಷೆಯ ಸುದ್ದಿ ದೀಕ್ಷಾಸ್ನಾನವಾದ ಧರ್ಮಕೇಂದ್ರಕ್ಕೆ ಹೋಗಿ ಅಲ್ಲಿನ ದಾಖಲೆಪುಸ್ತಕದಲ್ಲಿ ನಮೂದಾಗಬೇಕು. ಧರ್ಮಕ್ಷೇತ್ರದ ಕಚೇರಿಗೆ ಒಂದು ಮಿಂಚಂಚೆ ಹಾಕಿದರೆ ಅರ್ಧ ಕೆಲಸ ಆಗುತ್ತದೆ.

ಪೂಜೆ ಕೇಳಿ ಪತ್ತೆ ಹಚ್ಚುತ್ತೇನೆ ಎಂದುಕೊಳ್ಳಬೇಡಿ. ಪೇತ್ರರ ಪೀಠ ಖಾಲಿಯೆನ್ನುವ ಸೆಡೆವೇಕಾಂಟಿಸ್ಟರು ಪೋಪ್ ಹೆಸರನ್ನು ಬಿಡುವುದು ಪೂಜೆಯ ನಡುವಿನ ಮುಖ್ಯ ಪ್ರಾರ್ಥನೆಯಲ್ಲಿ (ಇದಕ್ಕೂ ‘ಕ್ಯಾನನ್’ ಎಂದೇ ಹೆಸರು), ಹಳೆಯ ವಿಧಿಯಲ್ಲಿ ಅದನ್ನು ಹೇಳುವುದು ಪಿಸುಮಾತಿನಲ್ಲಿ. ನೇರವಾಗಿ ಕೇಳಿ.

ಬೇರೆ ಪೂಜೆ ನಿಜಕ್ಕೂ ಕೈಗೆಟುಕದಿದ್ದರೆ ಕಟ್ಟಳೆಯೇ ನಿಮ್ಮನ್ನು ಕಟ್ಟುವುದಿಲ್ಲ. ಮನೆಯಲ್ಲಿ ಕುಟುಂಬ ಸಮೇತ ಪ್ರಾರ್ಥನೆ ಮಾಡಿ ಎನ್ನುತ್ತದೆ ಕ್ಯಾನನ್ 1248ರ ಎರಡನೇ ಭಾಗ. ಸಂಶಯದ ಚಾಪೆಲ್ಲಿಗೆ ಹೋಗಲೇಬೇಕಾದ ಒತ್ತಡ ಕಾನೂನಿನಲ್ಲಿ ಎಲ್ಲೂ ಇಲ್ಲ.

ಹಳೇ_ಮಿಸ್ಸಾಲ್:
1968ರ ವಿಷಯ ನನಗಿನ್ನೂ ಪೂರ್ತಿ ಒಪ್ಪಿಗೆಯಾಗಿಲ್ಲ, ಕಾಪ್ಟಿಕ್ ಪಠ್ಯವನ್ನು ಪಕ್ಕಕ್ಕಿಟ್ಟುಕೊಂಡು ಓದುತ್ತೇನೆ. ಕೊನೆಯ ಮಾತಿಗೆ ಮಾತ್ರ ತಕರಾರಿಲ್ಲ. ನಮ್ಮ ಕಡೆಯವರಲ್ಲೂ ಎಷ್ಟೋ ಮಂದಿ ಭಾನುವಾರ ಮನೆಯಲ್ಲೇ ಕೂತು ಜಪಮಾಲೆ ಹೇಳುತ್ತಾರೆ.