ಅಪ್‌ಡೇಟ್: ಜನಸಾಂದ್ರತೆ ನಕ್ಷೆ ಕೊನೆಗೂ ಕುದುರಿತು

ನಕ್ಷೆ ಪೂರ್ತಿ ಒಂದೇ ತಿಳಿ ಬಣ್ಣದಲ್ಲಿ ಕಾಣುತ್ತಿದೆ, ಏನು ಮಾಡಲಿ ಅಂತ ಕೇಳಿದ್ದೆನಲ್ಲ, ಅದರ ಮುಂದಿನ ಕಥೆ ಇದು.

ನೀವು ಹೇಳಿದಂತೆ ಮೊದಲು ಹಿಸ್ಟೋಗ್ರಾಂ (ಯಾವ ಅಂಕಿ ಎಷ್ಟು ಸಲ ಬಂದಿದೆ ಅಂತ ತೋರಿಸುವ ಕಂಬ ಚಿತ್ರ) ನೋಡಿದೆ. ಎರಡು ಮೂರು ನಗರಗಳ ಅಂಕಿ ಬಲಗಡೆ ಎಲ್ಲೋ ದೂರದಲ್ಲಿ, ಮಿಕ್ಕಿದ್ದೆಲ್ಲ ಎಡಗಡೆ ಗುಂಪಾಗಿ. ಅಂಕಿಗಳನ್ನು ಸಮ ಅಂತರದಲ್ಲಿ ವರ್ಗಗಳಾಗಿ (ಒಂದೊಂದಕ್ಕೆ ಒಂದು ಬಣ್ಣ) ಭಾಗ ಮಾಡಿದರೆ ನಡುವಿನವು ಖಾಲಿ ಬೀಳುವುದು ಸಹಜ ಅಲ್ವಾ! ಕ್ವಾಂಟೈಲ್, ಅಂದರೆ ಪ್ರತಿ ವರ್ಗದಲ್ಲೂ ಸುಮಾರು ಅಷ್ಟೇ ಪ್ರದೇಶಗಳು ಬರುವ ವಿಧಾನ, ಹಾಕಿದಾಗ ನೋಡಲು ಚೆನ್ನಾಗೇನೋ ಇತ್ತು. ಆದರೆ ಸಾಂದ್ರತೆ 98 ಮತ್ತು 101 ಇರುವ ಅಕ್ಕಪಕ್ಕದ ಪ್ರದೇಶಗಳಿಗೆ ಬೇರೆ ಬೇರೆ ಬಣ್ಣ ಬಂತು. ಅದು ನನಗೆ ಒಪ್ಪಿಗೆಯಾಗಲಿಲ್ಲ.

ಹಾಗಾಗಿ ಕೊನೆಗೆ ಜೆಂಕ್ಸ್ ವಿಧಾನ (ಹತ್ತಿರದ ಅಂಕಿಗಳನ್ನು ಒಂದೇ ಗುಂಪಿಗೆ ಸೇರಿಸುವುದು) ಹಾಕಿದೆ, 5 ವರ್ಗ. ಅದಕ್ಕಿಂತ ಜಾಸ್ತಿ ಆದರೆ ಸೂಚಿ (ಯಾವ ಬಣ್ಣಕ್ಕೆ ಯಾವ ಅಂಕಿ ಅಂತ ತೋರಿಸುವ ಪಟ್ಟಿ) ನೋಡಿ ಬಣ್ಣ ಗುರುತಿಸುವುದೇ ಕಷ್ಟ.

ಬಣ್ಣಕ್ಕೆ ಕಲರ್‌ಬ್ರೂವರ್‌ (ನಕ್ಷೆಗೆ ಬಣ್ಣ ಆರಿಸಿಕೊಳ್ಳುವ ವೆಬ್ ಸಾಧನ) ಕೊಡುವ ತಿಳಿ ಹಳದಿಯಿಂದ ಕಡು ನೀಲಿಯವರೆಗಿನ ಸರಣಿ. ಕೆಂಪು-ಹಸಿರು ಜೋಡಿ ಬಿಟ್ಟೆ, ಬಣ್ಣಗುರುಡು ಇರುವವರಿಗೆ ಸುಮ್ನೆ ಗೊಂದಲ. ಡೇಟಾ ಇಲ್ಲದ ಕಡೆ ಬೂದು. ಕಪ್ಪು-ಬಿಳುಪು ಪ್ರಿಂಟ್‌ನಲ್ಲೂ ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ಅಂತ ತಿಳಿಯುತ್ತದೆ.