ಪದಚರ್ಚೆ: ‘ಕೊಲಾರ್ಡ್ ಗ್ರೀನ್ಸ್’ಗೆ ಕನ್ನಡದಲ್ಲಿ ಏನು? ಶನಿವಾರದೊಳಗೆ ಬೇಕು

ಅಮೆರಿಕದ ನಾರ್ತ್ ಕ್ಯಾರೊಲೈನಾದ ಕ್ಯಾರಿ ಪಟ್ಟಣದಿಂದ:

ಎಲ್ಲರಿಗೂ ನಮಸ್ಕಾರ. ಒಂದು ಪದ ತುರ್ತಾಗಿ ಬೇಕಾಗಿದೆ.

ನಮ್ಮ ಬಡಾವಣೆಯವರೆಲ್ಲ ಸೇರಿ ಮಾಡುವ ಕೈತೋಟದಲ್ಲಿ ನನ್ನದೂ ಎರಡು ಮಡಿ ಇವೆ. ಒಂದರ ತುಂಬ ಕೊಲಾರ್ಡ್ ಎಂಬ ಕೋಸಿನ ಜಾತಿಯ ಸೊಪ್ಪು. ಆಗಸ್ಟ್‌ನಲ್ಲಿ ಸಸಿ ನೆಟ್ಟದ್ದು, ಈಗ ಮೊಣಕಾಲೆತ್ತರ ಬಂದಿದೆ, ಒಂದೊಂದು ಎಲೆಯೂ ಊಟದ ತಟ್ಟೆಯಷ್ಟಗಲ. ಮಕ್ಕಳ ಮನೆಗೆ ಬಂದಿರುವ ನಮ್ಮ ಕಡೆಯ ಹಿರಿಯರು ಬೆಳಗ್ಗೆ ಆ ದಾರಿಯಲ್ಲೇ ವಾಕಿಂಗ್ ಹೋಗುತ್ತಾರೆ. “ಇದೇನಮ್ಮ, ಕೋಸು ಗಡ್ಡೆನೇ ಕಟ್ಟಿಲ್ವಲ್ಲ, ಗೊಬ್ಬರ ಸಾಲದಾ?” ಎಂದು ದಿನಕ್ಕೊಬ್ಬರಾದರೂ ಕೇಳುತ್ತಾರೆ. ಗಡ್ಡೆ ಕಟ್ಟದ ಜಾತಿಯೇ ಇದು ಎಂದು ಹೇಳಿ ಸಾಕಾಗಿ, ತೋಟದವರನ್ನು ಒಪ್ಪಿಸಿ, ಇಂಗ್ಲಿಷ್, ಸ್ಪ್ಯಾನಿಷ್ ಜೊತೆಗೆ ಕನ್ನಡದಲ್ಲೂ ಒಂದು ಫಲಕ ಹಾಕಿಸುತ್ತಿದ್ದೇನೆ. ಜೊತೆಗೆ ಅಡುಗೆಯ ವಿಧಾನ ಬರೆದ ಒಂದು ಚೀಟಿ. ಶನಿವಾರ ಬೆಳಗ್ಗೆ ಮುದ್ರಣಕ್ಕೆ ಕೊಡಬೇಕು.

ಮೊದಲು ‘ಕೊಲಾರ್ಡ್ ಸೊಪ್ಪು’ ಎಂದು ಬರೆದೆ. ಅದನ್ನು ಓದಿದ ಹಿರಿಯರೊಬ್ಬರು “ಬೀಜ ಕೋಲಾರದಿಂದ ತರಿಸಿದ್ದಾ?” ಎಂದು ಕೇಳಿದರು. ಅಲ್ಲಿಗೆ ಅದು ಬಿತ್ತು. ‘ಎಲೆಕೋಸು’ ಎನ್ನೋಣವೆಂದರೆ ಆ ಹೆಸರನ್ನು ಕ್ಯಾಬೇಜು ಆಗಲೇ ಹಿಡಿದು ಕೂತಿದೆ.

ಎರಡನೆಯದು. ಈ ಸೊಪ್ಪನ್ನು ಗಂಟೆಗಟ್ಟಲೆ ಬೇಯಿಸಿದಾಗ ಪಾತ್ರೆಯಲ್ಲಿ ಉಳಿಯುವ ರಸಕ್ಕೆ ಇಲ್ಲಿಯವರು ‘ಪಾಟ್ ಲಿಕ್ಕರ್’ ಎನ್ನುತ್ತಾರೆ. ಸೊಪ್ಪಿಗಿಂತ ಅದೇ ಮೇಲು ಎನ್ನುವವರೂ ಇದ್ದಾರೆ. ಅದನ್ನು ಹಾಗೇ ಬರೆದರೆ ನಮ್ಮ ಹಿರಿಯರು ಚೀಟಿಯನ್ನೇ ಕೆಳಗಿಡುತ್ತಾರೆ. ಅದಕ್ಕೂ ಒಂದು ಮಾತು ಬೇಕು.

ಮೈಸೂರಿನಿಂದ:

ಕೊಲಾರ್ಡ್ ಎಂದೇ ಬರೆಯಿರಿ. ಬ್ರಾಕೊಲಿಗೆ ಯಾರೂ ಕನ್ನಡ ಪದ ಕೇಳಲಿಲ್ಲ, ತಿನ್ನುವುದನ್ನು ಬಿಡಲೂ ಇಲ್ಲ. ಒಬ್ಬರು ಕೋಲಾರ ಎಂದು ಓದಿದರೆ ಅದು ಅಕ್ಷರದ ಗಾತ್ರದ ಸಮಸ್ಯೆ, ಪದದ್ದಲ್ಲ.

ಸಾಗರದಿಂದ:

ಮೈಸೂರಿನವರ ಸಲಹೆ ಸೋಮಾರಿತನದ್ದು. ನಮ್ಮ ಹಿಂದಿನವರು ಹೀಗೆ ಕೈಚೆಲ್ಲಿ ಕೂರಲಿಲ್ಲ. ಕಡಲಾಚೆಯಿಂದ ಹೊಸ ಖಾರ ಬಂದಾಗ ಮನೆಯಲ್ಲೇ ಇದ್ದ ಮೆಣಸಿಗೆ ‘ಕಾಯಿ’ ಸೇರಿಸಿ ಮೆಣಸಿನಕಾಯಿ ಎಂದರು. ಇವತ್ತು ಅದು ಹೊರಗಿನದೆಂದು ಯಾರಿಗೂ ಅನ್ನಿಸುವುದಿಲ್ಲ. ಹೊರಗಿನದೆಂದು ತೋರಿಸಲೇಬೇಕಾದಾಗ ‘ಸೀಮೆ’ ಹಚ್ಚಿದರು: ಸೀಮೆಬದನೆ, ಸೀಮೆಹುಣಸೆ, ಸೀಮೆಸುಣ್ಣ, ಸೀಮೆಎಣ್ಣೆ. ಪದ ಕಟ್ಟುವ ಕಸುವು ಅಂದರೆ ಅದು.

ನನ್ನ ಸಲಹೆ ‘ಅಗಲಸೊಪ್ಪು’. ಅಚ್ಚಗನ್ನಡ, ನೋಡಿದೊಡನೆ ತಿಳಿಯುತ್ತದೆ. ‘ಕೋಸು’ ಸೇರಿಸಲೇಬೇಕೆಂದರೆ ಅದೂ ಕನ್ನಡವೇ. ‘ಕೊಯ್’ ಧಾತುವಿನಿಂದ ಬಂದದ್ದು, ಕೊಯ್ದು ತರುವಂಥದ್ದು. ಕೋಸಂಬರಿಯಲ್ಲೂ ಇರುವುದು ಅದೇ.

ಮಂಗಳೂರಿನಿಂದ:

ಕೋಸಂಬರಿಗೂ ಕೋಸಿಗೂ ಸಂಬಂಧವಿಲ್ಲ. ‘ಕೊಯ್’ಗೂ ಇಲ್ಲ. ಕೊಯ್ದು ತರುವುದೆಲ್ಲ ಕೋಸಾಗುವುದಾದರೆ ಬದನೆ ಯಾಕಾಗಲಿಲ್ಲ?

ಪೋರ್ಚುಗೀಸಿನಲ್ಲಿ ಈ ಗಿಡಕ್ಕೆ ‘ಕೊವ್’ ಎನ್ನುತ್ತಾರೆ. ಮರಾಠಿಯ ಕೋಬಿ ಅದರಿಂದಲೇ ಬಂದದ್ದು. ನಮ್ಮ ‘ಕೋಸು’ ಅದರ ಬಹುವಚನ ‘ಕೊವ್ಸ್’ ಸವೆದು ಆದ ರೂಪ ಎಂಬುದು ನನ್ನ ನಿಲುವು. ಇದನ್ನು ಈ ಬಳಗದಲ್ಲಿ ಹಿಂದೆಯೂ ಹೇಳಿದ್ದೇನೆ, ಇನ್ನೂ ಬಿಟ್ಟಿಲ್ಲ.

ಈ ಪ್ರಶ್ನೆಗೆ ನೇರ ಸಂಬಂಧವಿರುವುದು ಇನ್ನೊಂದು ಸಂಗತಿ. ಪೋರ್ಚುಗೀಸಿನಲ್ಲಿ ಉಂಡೆ ಕಟ್ಟುವುದಕ್ಕೆ ‘ರೆಪೋಲ್ಯು’ ಎಂಬ ಬೇರೆ ಹೆಸರಿದೆ. ಬ್ರೆಜಿಲ್‌ನಲ್ಲಿ ಬರಿದೇ ‘ಕೊವ್’ ಎಂದರೆ ಕ್ಯಾರಿಯವರ ಮಡಿಯಲ್ಲಿರುವ ಸೊಪ್ಪೇ. ಅಲ್ಲಿ ಅದನ್ನು ನೂಲಿನಷ್ಟು ಸಣ್ಣಗೆ ಹೆಚ್ಚಿ, ಬೆಳ್ಳುಳ್ಳಿ ಬಾಡಿಸಿದ ಎಣ್ಣೆಯಲ್ಲಿ ಎರಡೇ ನಿಮಿಷ ತಿರುವಿ, ಕಪ್ಪು ಹುರುಳಿಕಾಯಿ ಬೀಜದ ಫೆಯ್ಜೊವಾದ ಜೊತೆಗೆ ಬಡಿಸುತ್ತಾರೆ. ಪೋರ್ಚುಗಲ್‌ನ ‘ಕಾಲ್ದು ವೆರ್ದ್’ ಎಂಬ ಹಸಿರು ಸಾರಿಗೆ ಬೀಳುವುದೂ ಈ ಜಾತಿಯ ಎಲೆಯೇ. ಅಂದರೆ ಕೋಸು ಎಂಬ ಹೆಸರಿಗೆ ಮೊದಲ ಹಕ್ಕುದಾರ ಈ ಸೊಪ್ಪು.

ಅಡುಗೆ ಚೀಟಿಗೆ ನನ್ನದೊಂದು: ಪತ್ರೊಡೆ. ಪರದೇಶದಲ್ಲಿರುವ ನಮ್ಮವರು ಕೆಸುವಿನೆಲೆ ಸಿಗದಿದ್ದಾಗ ಇದರಲ್ಲೇ ಮಾಡುತ್ತಾರೆ. ಎಲೆ ದಪ್ಪ, ಬೇಗ ಹರಿಯುವುದಿಲ್ಲ. ಆದರೆ ಕೆಸುವಿನಂತೆ ಹಾಗೇ ಸುತ್ತಲು ಹೋದರೆ ಮುರಿಯುತ್ತದೆ. ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ ತೆಗೆಯಬೇಕು, ಹಿಂಬದಿಯ ನಡುನಾರನ್ನು ಚಾಕುವಿನಿಂದ ಎಲೆಯ ಮಟ್ಟಕ್ಕೆ ಸವರಬೇಕು. ಅಕ್ಕಿ, ತೆಂಗಿನತುರಿ, ಒಣಮೆಣಸು, ಕೊತ್ತಂಬರಿ, ಬೆಲ್ಲ, ಹುಣಸೆ ರುಬ್ಬಿದ ಹಿಟ್ಟನ್ನು ಸವರಿ, ಎಲೆಯ ಮೇಲೆ ಎಲೆಯಿಟ್ಟು ಸುತ್ತಿ, ಮುಕ್ಕಾಲು ಗಂಟೆ ಹಬೆಯಲ್ಲಿ ಬೇಯಿಸಿ. ಕೆಸುವಿನ ತುರಿಕೆ ಇದಕ್ಕಿಲ್ಲ, ಹಾಗಾಗಿ ಅಷ್ಟೊಂದು ಹುಣಸೆ ಬೇಡ. ಆದರೂ ನಾನು ಕಡಿಮೆ ಮಾಡುವುದಿಲ್ಲ. ಹುಳಿ ಇಲ್ಲದ ಪತ್ರೊಡೆ ಪತ್ರೊಡೆಯಲ್ಲ.

ಸಾಗರದಿಂದ:

ಕೋಸು ಪೋರ್ಚುಗೀಸಿನದಾದರೆ ಅದನ್ನು ಬಿಡಲು ಇನ್ನೊಂದು ಕಾರಣ ಸಿಕ್ಕಿತು, ಅಷ್ಟೇ. ನೂರು ಎರವಲು ಬಂದಿರುವುದು ನೂರೊಂದನೆಯದಕ್ಕೆ ರಹದಾರಿಯಲ್ಲ.

ಮಂಗಳೂರಿನಿಂದ:

‘ರಹದಾರಿ’ ಪಾರಸಿಯದು. ಬೆಳಗ್ಗೆ ಚಾವಿ ಹುಡುಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಡುವಾಗ ಎರಡು ಪೋರ್ಚುಗೀಸ್ ಪದ ಆಗಲೇ ಮುಗಿದಿರುತ್ತವೆ. ನಮ್ಮ ಊರಿನ ಬಟಾಟೆ, ಅನಾನಸು ಎರಡೂ ಅವರವೇ. ಘಟ್ಟದ ಮೇಲಿನವರ ಆಲೂಗಡ್ಡೆಯ ಆಲೂ ಯಾವ ಕನ್ನಡ?

ಸಾಗರದಿಂದ:

ರಹದಾರಿಯನ್ನು ‘ಒಪ್ಪಿಗೆ’ ಎಂದು ತಿದ್ದಿಕೊಳ್ಳಿ. ವಾದ ನಿಂತಲ್ಲೇ ನಿಂತಿದೆ. ಬಂದು ಬೇರೂರಿದ್ದನ್ನು ಕೀಳಿ ಎಂದು ನಾನೆಲ್ಲೂ ಹೇಳಿಲ್ಲ. ಹೊಸದಾಗಿ ಒಂದು ಹೆಸರಿಡುವಾಗಲಾದರೂ ನಮ್ಮ ಕಣಜವನ್ನು ಮೊದಲು ನೋಡಿ ಎಂದೆ.

ಧಾರವಾಡದಿಂದ:

ನೀವು ಎಲ್ಲಾರೂ ‘ಸೊಪ್ಪು’ ಅಂತ ಒಪ್ಪಿಕೊಂಡಬಿಟ್ಟೀರಿ. ನಮ್ಮ ಕಡೆ ಅದಕ್ಕ ತಪ್ಪಲ ಅಂತಾರ. ಮೂಲಂಗಿ ತಪ್ಪಲ, ಮೆಂತೆ ತಪ್ಪಲ. ಫಲಕದಾಗ ಯಾವಾಗಲೂ ಬೆಂಗಳೂರ-ಮೈಸೂರ ಕನ್ನಡನ ಯಾಕ ಬರಬೇಕು? ಕ್ಯಾರಿಗೆ ಬರೋ ಹಿರಿಯರೊಳಗ ಹುಬ್ಬಳ್ಳಿ, ಗದಗ, ಬಾಗಲಕೋಟಿಯವರೂ ಇರತಾರ. ‘ಕೋಸು’ ಅಂದ್ರೂ ನಮ್ಮ ಹಳ್ಳಿ ಮಂದಿಗೆ ಲಗೂನ ತಿಳಿಯೂದಿಲ್ಲ, ಗೋಬಿ ಅಂದ್ರ ತಿಳೀತದ. ‘ಅಗಲಸೊಪ್ಪು’ ಅಂತೂ ಬ್ಯಾಡ. ಬಾಳಿ ಎಲಿನೂ ಅಗಲನ ಇರತದ.

ದೆಹಲಿಯಿಂದ:

ಕೆಲಸದ ಮೇಲೆ ಶ್ರೀನಗರದಲ್ಲಿ ನಾಲ್ಕು ವರ್ಷ ಇದ್ದೆ. ಅಲ್ಲಿ ಇದು ಪರದೇಶದ ಸೊಪ್ಪಲ್ಲ. ‘ಹಾಖ್’ ಎಂದರೆ ಈ ಕುಲದ್ದೇ. ಮನೆಮನೆಯ ಹಿತ್ತಲಲ್ಲಿ ಇರುತ್ತದೆ. ‘ಹಾಖ್ ತೆ ಬತ್ತೆ’ ಎಂದರೆ ಸೊಪ್ಪು-ಅನ್ನ, ನಮ್ಮ ‘ಗಂಜಿಯೋ ಅಂಬಲಿಯೋ’ ಎನ್ನುವ ಹಾಗೆ ದಿನದ ಜೀವನಕ್ಕೇ ನಿಲ್ಲುವ ಮಾತು.

ಹಾಖ್ ಎಂಬುದು ಸಂಸ್ಕೃತದ ‘ಶಾಕ’. ಕಾಶ್ಮೀರಿಯಲ್ಲಿ ಶಕಾರ ಹಕಾರವಾಗುತ್ತದೆ. ಸ್ವಂತ ದೇಶದಲ್ಲೇ ಹೆಸರಿರುವಾಗ ಪೋರ್ಚುಗಲ್‌ಗೆ ಯಾಕೆ ಹೋಗಬೇಕು? ‘ಹಾಕು’ ಎಂದು ಬರೆಯಿರಿ.

ಮಾಡುವುದು ಹೀಗೆ. ಎಲೆ ಹೆಚ್ಚಬಾರದು, ಇಡಿಯಾಗಿಯೇ ಬಿಡಬೇಕು, ಬಲಿತ ದಂಟನ್ನಷ್ಟೇ ಮುರಿದು ತೆಗೆಯಬೇಕು. ಸಾಸಿವೆ ಎಣ್ಣೆಯನ್ನು ಹೊಗೆಯಾಡುವವರೆಗೆ ಕಾಯಿಸಿ, ಹಿಂಗು ಹಾಕಿ, ನೀರು ಸುರಿದು, ಕುದಿ ಬಂದ ಮೇಲೆಯೇ ಎಲೆ ಹಾಕಬೇಕು. ಹಸಿಮೆಣಸಿನಕಾಯಿ, ಒಣಮೆಣಸಿನಕಾಯಿ ಎರಡೂ ಇಡಿಯಾಗಿ, ಜೊತೆಗೆ ಉಪ್ಪು. ಮುಚ್ಚಳ ಮುಚ್ಚಿದರೆ ಹಸಿರು ಸತ್ತು ಕಂದಾಗುತ್ತದೆ. ತೆಂಗು, ಬೇಳೆ, ಈರುಳ್ಳಿ ಏನೂ ಇಲ್ಲ. ಮೊದಲ ಸಲ ತಿಂದಾಗ ಸಪ್ಪೆ ಎನ್ನಿಸಿತು. ಎರಡನೆಯ ಚಳಿಗಾಲದ ಹೊತ್ತಿಗೆ ಅದಿಲ್ಲದೆ ಅನ್ನ ಇಳಿಯುತ್ತಿರಲಿಲ್ಲ.

ಮೈಸೂರಿನಿಂದ:

‘ಹಾಕು’ ಕನ್ನಡದಲ್ಲಿ ಕ್ರಿಯಾಪದ. “ಹಾಕು ಹಾಕಿ” ಎಂದು ಚೀಟಿಯಲ್ಲಿ ಬರೆಯುವುದೇ? ಆಗದು.

ಮಂಡ್ಯದಿಂದ:

ನಾಲ್ಕು ದಿನದಿಂದ ಓದುತ್ತಿದ್ದೇನೆ. ಕೇಳಿದವರ ಎರಡನೆಯ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಅದರ ಉತ್ತರ ನಮ್ಮ ಒಲೆಯ ಮೇಲೇ ಇದೆ.

ಸೊಪ್ಪು, ಕಾಳು ಬೇಯಿಸಿ ಬಸಿದಾಗ ಬರುವುದು ಕಟ್ಟು. ಆ ಕಟ್ಟಿಗೆ ಖಾರ ರುಬ್ಬಿ ಹಾಕಿದರೆ ಬಸ್ಸಾರು, ಮೇಲೆ ಉಳಿದ ಸೊಪ್ಪು-ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಅಮೆರಿಕದ ದಕ್ಷಿಣದವರು ಹೊಸವರ್ಷದ ದಿನ ಕೊಲಾರ್ಡ್ ಜೊತೆಗೆ ತಿನ್ನುವ ‘ಬ್ಲ್ಯಾಕ್ ಐಡ್ ಪೀಸ್’ ನಮ್ಮ ಅಲಸಂದೆ ಕಾಳು. ಆ ಕಾಳು ಅಲ್ಲಿಗೆ ಆಫ್ರಿಕಾದಿಂದ ಹೋದದ್ದು. ಕಟ್ಟಿಗೆ ಅವರು ಜೋಳದ ರೊಟ್ಟಿ ಅದ್ದುತ್ತಾರೆ, ನಾವು ಮುದ್ದೆ ಮುರಿಯುತ್ತೇವೆ. ಅವರ ಪಾಟ್ ಲಿಕ್ಕರ್ ನಮ್ಮ ಕಟ್ಟು. ‘ಸೊಪ್ಪಿನ ಕಟ್ಟು’ ಎಂದು ಬರೆಯಿರಿ, ನಮ್ಮ ಕಡೆಯ ಯಾವ ಅಜ್ಜಿಗೂ ವಿವರಣೆ ಬೇಕಿಲ್ಲ.

ಇನ್ನು ಹೆಸರು. ಹೂ ತಿಂದರೆ ಹೂಕೋಸು. ಗೆಡ್ಡೆ ತಿಂದರೆ ಗೆಡ್ಡೆಕೋಸು. ಎಲ್ಲ ಒಂದೇ ಜಾತಿಯ ಗಿಡ, ಬ್ರಾಸಿಕಾ ಒಲೆರೇಸಿಯಾ. ತಿನ್ನುವ ಭಾಗ ಮುಂದೆ, ಕೋಸು ಹಿಂದೆ, ಇದೇ ಅಚ್ಚು. ಇದನ್ನು ಸೊಪ್ಪಾಗಿ ತಿನ್ನುತ್ತೇವೆ, ಆದ್ದರಿಂದ ‘ಸೊಪ್ಪುಕೋಸು’. ‘ಕೋಸಿನ ಸೊಪ್ಪು’ ಎಂದು ತಿರುಗಿಸಬೇಡಿ. ಮೂಲಂಗಿ ಸೊಪ್ಪಿನ ಹಾಗೆ, ಕೋಸಿನ ಮೇಲೆ ಕಿತ್ತು ಬಿಸಾಡುವ ಎಲೆ ಎಂದಾಗಿಬಿಡುತ್ತದೆ. ಕೋಸು ಪೋರ್ಚುಗೀಸಿನದೋ ಕೊಯ್ದದ್ದೋ ನನಗೆ ಬೇಕಿಲ್ಲ. ಸಂತೆಯಲ್ಲಿ ಕೂಗಿದರೆ ತಿಳಿಯಬೇಕು.

ಸಾಗರದಿಂದ:

ಅಚ್ಚು ಸರಿ ಇದೆ. ಅದನ್ನು ಒಪ್ಪುತ್ತೇನೆ. ಕೋಸನ್ನು ಒಪ್ಪುವುದಿಲ್ಲ. ಅಂದಹಾಗೆ ನವಿಲುಕೋಸನ್ನು ಎಲ್ಲಿ ಬಿಟ್ಟಿರಿ? ಅಲ್ಲಿ ನವಿಲನ್ನು ಯಾರೂ ತಿನ್ನುತ್ತಿಲ್ಲ. ಗೆಡ್ಡೆಯ ಮೇಲೆ ಎಲೆ ಗರಿಯಂತೆ ಬಿಚ್ಚಿ ನಿಲ್ಲುವುದನ್ನು ಕಂಡು ಇಟ್ಟ ಹೆಸರು. ಕಂಡದ್ದನ್ನು ಹೇಳುವುದೇ ಕನ್ನಡದ ದಾರಿ.

ಮಂಗಳೂರಿನಿಂದ:

ನವಿಲುಕೋಸಿನಲ್ಲಿ ಗರಿಯೂ ಇಲ್ಲ, ನವಿಲೂ ಇಲ್ಲ. ಡಚ್ಚರ ‘ಕ್ನೋಲ್‌ಕೋಲ್’ ಇಂಗ್ಲಿಷರ ಬಾಯಲ್ಲಿ ‘ನೋಲ್‌ಕೋಲ್’ ಆಯಿತು. ಅದನ್ನು ಕೇಳಿದ ನಮ್ಮವರು ನವಿಲು ಮಾಡಿಕೊಂಡರು ಎನ್ನುವುದೇ ನನಗೆ ಸಹಜವಾಗಿ ಕಾಣುತ್ತದೆ. ಇದನ್ನು ಬೇರೆ ಓಲೆಯಲ್ಲಿ ಬರೆಯುತ್ತೇನೆ.

ಕ್ಯಾರಿಯಿಂದ:

ಎಲ್ಲರಿಗೂ ಕೃತಜ್ಞತೆಗಳು. ಇವತ್ತು ಶುಕ್ರವಾರ, ತೀರ್ಮಾನ ಮಾಡಿದ್ದೇನೆ. ಫಲಕದಲ್ಲಿ ದೊಡ್ಡ ಅಕ್ಷರದಲ್ಲಿ ‘ಸೊಪ್ಪುಕೋಸು’, ಕೆಳಗೆ ಸಣ್ಣದಾಗಿ ‘ಕೊಲಾರ್ಡ್’. ಧಾರವಾಡದವರು ಹೇಳಿದ್ದು ನ್ಯಾಯ, ಚೀಟಿಯಲ್ಲಿ ‘ಸೊಪ್ಪು, ಅಂದರೆ ತಪ್ಪಲ’ ಎಂದು ಸೇರಿಸಿದ್ದೇನೆ. ಪಕ್ಕದ ಮಡಿಯಲ್ಲಿ ಗುಂಗುರೆಲೆಯ ಕೇಲ್ ಇದೆ, ಅದಕ್ಕೆ ‘ಗುಂಗುರುಕೋಸು’ ಎಂದು ಬರೆದೆ. ಸಾಗರದವರಿಗೆ ಇಷ್ಟವಾಗಲಿಕ್ಕಿಲ್ಲ. ಆದರೆ ಕಂಡದ್ದನ್ನು ಹೇಳುವ ಹೆಸರು, ಅವರ ಮಾತಿನಿಂದಲೇ ಹೊಳೆದದ್ದು.

ನಿನ್ನೆ ಸಂಜೆ ಪಕ್ಕದ ಮಡಿಯ ಹಿರಿಯ ಆಫ್ರಿಕನ್ ಅಮೆರಿಕನ್ ಮಹಿಳೆಯನ್ನು ಮಾತಾಡಿಸಿದೆ. ನಲವತ್ತು ವರ್ಷದಿಂದ ಬೆಳೆಯುತ್ತಿದ್ದಾರೆ. ಎಲೆಯನ್ನು ಪುಸ್ತಕದಂತೆ ಮಡಿಸಿ ಒಂದೇ ಎಳೆತಕ್ಕೆ ನಡುದಂಟು ಕಿತ್ತು, ಹತ್ತು ಎಲೆ ಒಟ್ಟಿಗೆ ಚಾಪೆಯಂತೆ ಸುತ್ತಿ ಹೆಚ್ಚುತ್ತಾರೆ. ಹೊಗೆಗಿಟ್ಟ ಟರ್ಕಿ ಕೋಳಿಯ ತುಂಡು, ಈರುಳ್ಳಿ, ಒಣಮೆಣಸು ಹಾಕಿ ಒಂದೂವರೆ ಗಂಟೆ ಸಣ್ಣ ಉರಿ, ಇಳಿಸುವ ಮುನ್ನ ಒಂದು ಚಮಚ ವಿನೆಗರ್. ಅದರ ರಸದಲ್ಲಿ ಒಂದು ಬಟ್ಟಲು ನನಗೂ ಕೊಟ್ಟರು. ನಮ್ಮ ಮನೆಯಲ್ಲಿ ಮಾಂಸವಿಲ್ಲ ಎಂದು ತಿಳಿದು ನನ್ನ ಪಾಲಿಗೆ ಟರ್ಕಿ ಹಾಕದೆ ಬೇರೆ ಪಾತ್ರೆಯಲ್ಲಿ ಬೇಯಿಸಿದ್ದರು. ‘ಕಟ್ಟು’ ಎಂಬ ಮಾತನ್ನು ಅವರಿಗೆ ಕಲಿಸಿದೆ. ಟಕಾರ ಒತ್ತಿ ಸರಿಯಾಗಿಯೇ ಹೇಳುತ್ತಾರೆ.

ಅವರೇ ಹೇಳಿದ ಇನ್ನೊಂದು ಮಾತನ್ನು ಫಲಕದ ಕೊನೆಗೆ ಹಾಕುತ್ತಿದ್ದೇನೆ. ಇಬ್ಬನಿ ಹೆಪ್ಪುಗಟ್ಟುವ ಮೊದಲ ರಾತ್ರಿ ಕಳೆಯುವ ತನಕ ಈ ಸೊಪ್ಪನ್ನು ಕೀಳಬಾರದಂತೆ. ಚಳಿ ತಾಗಿದರೆ ಗಿಡ ತನ್ನ ಪಿಷ್ಟವನ್ನು ಸಕ್ಕರೆ ಮಾಡಿಕೊಳ್ಳುತ್ತದೆ, ಕಹಿ ಇಳಿದು ಸಿಹಿ ಬರುತ್ತದೆ. ಮೊನ್ನೆ ರಾತ್ರಿ ಇಲ್ಲಿ ಆ ಚಳಿ ಬಿತ್ತು. ಫಲಕದ ಪೂರ್ತಿ ಬರಹ ಹೀಗಿದೆ, ಕಾಗುಣಿತ ತಪ್ಪಿದ್ದರೆ ಇಂದು ರಾತ್ರಿಯೊಳಗೆ ತಿಳಿಸಿ:

“ಸೊಪ್ಪುಕೋಸು. ಇದು ಗಡ್ಡೆ ಕಟ್ಟುವುದಿಲ್ಲ, ಗೊಬ್ಬರ ಕಡಿಮೆಯಾಗಿಲ್ಲ. ಕೆಳಗಿನ ಎಲೆಗಳನ್ನು ಮಾತ್ರ ಕೀಳಿ, ಕುಡಿ ಬಿಡಿ, ಮತ್ತೆ ಬರುತ್ತದೆ. ಉಪ್ಪುನೀರಿನಲ್ಲಿ ಹತ್ತು ನಿಮಿಷ ನೆನೆಸಿದರೆ ಹುಳು ಬಿಡುತ್ತವೆ. ಬೇಯಿಸಿದ ಕಟ್ಟನ್ನು ಚೆಲ್ಲಬೇಡಿ.”

ಧಾರವಾಡದಿಂದ:

ಕಾಗುಣಿತ ಬರೋಬ್ಬರಿ ಅದ. ‘ಗಡ್ಡೆ’ನೂ ಹಂಗ ಇರಲಿ, ಯಾರರ ‘ಗೆಡ್ಡೆ’ ಅಂತ ತಿದ್ದಲಿಕ್ಕೆ ಬಂದ್ರ ಬಿಡಬ್ಯಾಡ್ರಿ.