ಹಕ್ಕಿಗೆ ಇನ್‌ಫೆಕ್ಷನ್ ಅಂತಾರೆ, ಯಾವ ಟೆಸ್ಟ್ ಮಾಡಿಸಬೇಕು ಡಾಕ್ಟ್ರೇ?

ಪ್ರಶ್ನೆ (ಕೋಡಿಬಾಗ, ಕಾರವಾರ): ನಮಸ್ಕಾರ ಡಾಕ್ಟ್ರೇ. ನಮ್ಮ ಮನೆಯಲ್ಲಿ ಒಂದು ಜೋಡಿ ಕಾಕಟೀಲ್, ಜೊತೆಗೆ ಕೆಲವು ಬಡ್ಜಿ ಇವೆ (ಎರಡೂ ಸಣ್ಣ ಗಿಣಿ ಜಾತಿಯವು). ಮಳೆ ಹಿಡಿದ ಮೇಲೆ ಗಂಡು ಕಾಕಟೀಲ್ ಸಪ್ಪಗಾಗಿದೆ. ಗರಿ ಉಬ್ಬಿಸಿಕೊಂಡು ಕೂತಿರುತ್ತದೆ, ಹಗಲಲ್ಲೂ ತೂಕಡಿಕೆ. ಹಿಕ್ಕೆ ನೀರು ನೀರು, ಹಸಿರು ಬಣ್ಣ. ಕಾಳು ಸ್ವಲ್ಪ ಸ್ವಲ್ಪ ತಿನ್ನುತ್ತಿದೆ. ಹಕ್ಕಿ ಮಾರಿದವರು "ಬ್ಯಾಕ್ಟೀರಿಯಾ ಇನ್‌ಫೆಕ್ಷನ್, ಎನ್‌ರೋಫ್ಲಾಕ್ಸಾಸಿನ್ ಡ್ರಾಪ್ಸ್ ನೀರಿಗೆ ಹಾಕಿ" ಎಂದರು. ತಂದಿಟ್ಟಿದ್ದೇವೆ, ಇನ್ನೂ ಹಾಕಿಲ್ಲ. ನಮ್ಮನೆಯವರು ಲ್ಯಾಬ್ ಟೆಸ್ಟ್ ಮಾಡಿಸೋಣ ಎನ್ನುತ್ತಾರೆ. ಇಷ್ಟು ಚಿಕ್ಕ ಹಕ್ಕಿಗೂ ಟೆಸ್ಟ್ ಇದೆಯಾ? ರಕ್ತ ತೆಗೆದರೆ ಸತ್ತು ಹೋಗಲ್ವಾ?

ಡಾಕ್ಟರ್: ಅಕ್ಕ, ಔಷಧಿ ಹಾಕದೇ ಇದ್ದದ್ದು ಒಳ್ಳೆಯದಾಯಿತು. ಮೊದಲು ಸ್ಯಾಂಪಲ್, ಆಮೇಲೆ ಆ್ಯಂಟಿಬಯಾಟಿಕ್. ಹಕ್ಕಿ ಸಾಕುವವರ ಈ ಗ್ರೂಪಿನಲ್ಲಿ ನಾನು ಇದನ್ನೇ ಮತ್ತೆ ಮತ್ತೆ ಹೇಳುತ್ತಿರುತ್ತೇನೆ. ಒಂದೆರಡು ಡೋಸ್ ಒಳಗೆ ಹೋದರೂ ರೋಗಾಣು ಬೆಳೆಸಿ ನೋಡುವ ಲ್ಯಾಬಿನ ಪ್ಲೇಟಿನಲ್ಲಿ ಏನೂ ಬೆಳೆಯದೇ ಹೋಗಬಹುದು. ರೋಗ ಹಕ್ಕಿಯ ಮೈಯಲ್ಲೇ ಇರುತ್ತದೆ, ರಿಪೋರ್ಟ್ ಮಾತ್ರ ಕ್ಲೀನ್.

ರಕ್ತದ ಮಾತಿಗೆ ಬರೋಣ. ದೇಹದ ತೂಕದ ಶೇಕಡಾ 1ರಷ್ಟು ರಕ್ತ ತೆಗೆದರೆ ಹಕ್ಕಿಗೆ ಸಾಮಾನ್ಯವಾಗಿ ಅಪಾಯವಿಲ್ಲ. 90 ಗ್ರಾಂ ಕಾಕಟೀಲ್ ಆದರೆ 0.9 ಎಂಎಲ್ ತನಕ, 35 ಗ್ರಾಂ ಬಡ್ಜಿ ಆದರೆ 0.3 ಎಂಎಲ್ ತನಕ. ಆದರೆ ತೀರಾ ಸೋತ ಹಕ್ಕಿಗೆ ಅಷ್ಟು ತೆಗೆಯುವುದಿಲ್ಲ. ನಿಮ್ಮ ಹಕ್ಕಿಗೆ ಮೊದಲ ದಿನವೇ ರಕ್ತ ಬೇಕಾಗಿಲ್ಲ, ಹಿಕ್ಕೆ ಮತ್ತು ಸ್ವಾಬ್ (ಹತ್ತಿ ಸುತ್ತಿದ ಕಡ್ಡಿಯಲ್ಲಿ ಒರೆಸಿ ತೆಗೆದ ಸ್ಯಾಂಪಲ್) ಸಾಕು.

ಮೊದಲನೆಯದು ಗ್ರಾಮ್ ಸ್ಟೇನ್. ಹೊಸ ಹಿಕ್ಕೆಯನ್ನು ಗಾಜಿನ ಸ್ಲೈಡ್ ಮೇಲೆ ತೆಳ್ಳಗೆ ಸವರಿ, ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡುವುದು. ಕೆಲವೇ ನಿಮಿಷದ ಕೆಲಸ. 1884ರಲ್ಲಿ ಬಂದ ವಿಧಾನ, ಇವತ್ತಿಗೂ ಹಕ್ಕಿ ಡಾಕ್ಟರ ಮೊದಲ ಟೆಸ್ಟ್ ಇದೇ. ನೇರಳೆ ಬಣ್ಣಕ್ಕೆ ತಿರುಗಿದ್ದು ಗ್ರಾಮ್ ಪಾಸಿಟಿವ್, ಗುಲಾಬಿ ಆದದ್ದು ಗ್ರಾಮ್ ನೆಗೆಟಿವ್. ಗಿಣಿ ಜಾತಿಯ ಹಕ್ಕಿಗಳ ಹೊಟ್ಟೆಯಲ್ಲಿ ಹೆಚ್ಚಾಗಿ ನೇರಳೆಯವೇ ಇರಬೇಕು. ಗುಲಾಬಿ ಕಡ್ಡಿಗಳು ತುಂಬಿಕೊಂಡಿದ್ದರೆ ಅನುಮಾನ ಪಡಬೇಕು.

ನಮ್ಮ ಕಡೆ ಲ್ಯಾಬಿಗೆ ಹೋಗುವ ಹಕ್ಕಿ ಎಂದರೆ ಕೋಳಿ. ಕೋಳಿಯ ಕರುಳಿನಲ್ಲಿ ಇ. ಕೋಲೈ ಎಂಬ ಗುಲಾಬಿ ಕಡ್ಡಿ ಬ್ಯಾಕ್ಟೀರಿಯಾ ಇರುವುದು ಮಾಮೂಲಿ. ಹಾಗಾಗಿ ಕೋಳಿಯ ಲೆಕ್ಕದಲ್ಲಿ ಓದಿದರೆ ಕಾಕಟೀಲ್ ರಿಪೋರ್ಟ್ ತಪ್ಪಾಗುತ್ತದೆ. ಲ್ಯಾಬಿಗೆ ಕೊಡುವ ಫಾರ್ಮಿನಲ್ಲಿ ಬರೀ 'ಹಕ್ಕಿ' ಎಂದು ಬರೆಯಬೇಡಿ, 'ಕಾಕಟೀಲ್' ಎಂದೇ ಬರೆಯಿರಿ.

ಎರಡನೆಯದು ಕಲ್ಚರ್ ಮತ್ತು ಸೆನ್ಸಿಟಿವಿಟಿ. ಬಾಯಿಯ ಮೇಲ್ಭಾಗದ ಸೀಳಿನಿಂದ ಮತ್ತು ಗುದದ್ವಾರದಿಂದ ಸ್ವಾಬ್ ತೆಗೆದು ಪ್ಲೇಟಿನಲ್ಲಿ ಬೆಳೆಸುತ್ತಾರೆ. ಬೆಳೆಯಲು 24ರಿಂದ 48 ಗಂಟೆ ಬೇಕು. ಬೆಳೆದದ್ದರ ಮೇಲೆ ಆ್ಯಂಟಿಬಯಾಟಿಕ್ ಬಿಲ್ಲೆ ಇಟ್ಟು ಯಾವುದಕ್ಕೆ ಸಾಯುತ್ತದೆ ಎಂದು ನೋಡಲು ಇನ್ನೊಂದು ದಿನ. ರಿಪೋರ್ಟಿನಲ್ಲಿ 'ಎಸ್' ಎಂದರೆ ಆ ಔಷಧಿ ನಡೆಯುತ್ತದೆ, 'ಆರ್' ಎಂದರೆ ನಡೆಯಲ್ಲ.

ಮೂರನೆಯದು ಪಿಸಿಆರ್, ಅಂದರೆ ರೋಗಾಣುವಿನ ಡಿಎನ್ಎ ಹುಡುಕುವ ಟೆಸ್ಟ್. ನಿಮ್ಮ ಹಕ್ಕಿಗೆ ಇದು ಮುಖ್ಯ. ಹಸಿರು ಹಿಕ್ಕೆ, ಸಪ್ಪಗಿರುವ ಕಾಕಟೀಲ್ ಎಂದರೆ ಕ್ಲಮೈಡಿಯಾ ಸಿಟಸಿ ನೆನಪಾಗಲೇಬೇಕು. ಇದೂ ಬ್ಯಾಕ್ಟೀರಿಯಾವೇ. ಆದರೆ ಜೀವಕೋಶದ ಒಳಗೇ ಬದುಕುವಂಥದ್ದು, ಮಾಮೂಲಿ ಪ್ಲೇಟಿನಲ್ಲಿ ಬೆಳೆಯುವುದೇ ಇಲ್ಲ. ಕಲ್ಚರ್‌ನಲ್ಲಿ ಏನೂ ಬರಲಿಲ್ಲ ಎಂದು ನಿಶ್ಚಿಂತೆಯಿಂದ ಇರುವ ಹಾಗಿಲ್ಲ. ಆ ರೋಗಾಣು ಹಕ್ಕಿಯ ಮೈಯಿಂದ ದಿನಾ ಹೊರಗೆ ಬರುವುದಿಲ್ಲ, ಬಿಟ್ಟು ಬಿಟ್ಟು ಬರುತ್ತದೆ. ಅದಕ್ಕೇ ಕಣ್ಣು, ಬಾಯಿ, ಗುದದ್ವಾರ ಮೂರೂ ಕಡೆಯ ಸ್ವಾಬ್ ಒಟ್ಟಿಗೆ ಕಳಿಸುತ್ತೇವೆ. ಹಿಕ್ಕೆಯಾದರೆ ಮೂರರಿಂದ ಐದು ದಿನದ್ದು ಕೂಡಿಸಿ.

ಇಷ್ಟೆಲ್ಲ ಹೇಳಿದರೂ, ಹಕ್ಕಿ ಪಂಜರದ ತಳಕ್ಕೆ ಇಳಿದಿದ್ದರೆ, ತಿನ್ನುವುದು ಬಿಟ್ಟಿದ್ದರೆ ರಿಪೋರ್ಟಿಗೆ ಕಾಯುವ ಮಾತೇ ಇಲ್ಲ. ತಕ್ಷಣ ಡಾಕ್ಟರ ಹತ್ತಿರ ಒಯ್ಯಿರಿ. ಸ್ವಾಬ್ ತೆಗೆದು ಅದೇ ಹೊತ್ತಿಗೆ ಔಷಧಿ ಶುರು ಮಾಡುತ್ತೇವೆ, ರಿಪೋರ್ಟ್ ಬಂದ ಮೇಲೆ ಬೇಕಾದರೆ ಬದಲಾಯಿಸುತ್ತೇವೆ. ಅಲ್ಲಿಯ ತನಕ ಬೇರೆ ಪಂಜರದಲ್ಲಿಟ್ಟು, ಒಂದು ಬದಿಗೆ ಬಲ್ಬ್ ಹಚ್ಚಿ 29–32 ಡಿಗ್ರಿ ಬೆಚ್ಚಗಿಡಿ. ಸೆಕೆಯಾದರೆ ಹಕ್ಕಿ ಆಚೆ ಸರಿಯಲು ಜಾಗ ಇರಲಿ.

ಅಂಕೋಲಾದಿಂದ ಒಬ್ಬರು: ಇದಕ್ಕೆಲ್ಲ ಲ್ಯಾಬ್ ಯಾಕೆ ಮಾರಾಯ್ರೇ. ನಾವು ಕೋಳಿ ಔಷಧಿ ಅಂಗಡಿಯಿಂದ ಟೆಟ್ರಾಸೈಕ್ಲಿನ್ ಪುಡಿ ತಂದು ನೀರಿಗೆ ಹಾಕ್ತೇವೆ. ನಾಲ್ಕು ದಿನಕ್ಕೆ ಸರಿ ಆಗ್ತದೆ.

ಡಾಕ್ಟರ್: ಸರಿಯಾದದ್ದೂ ಇರಬಹುದು, ಇಲ್ಲ ಎನ್ನುವುದಿಲ್ಲ. ಆದರೆ ಕಾಕಟೀಲ್ ಆಸ್ಟ್ರೇಲಿಯಾದ ಒಣ ಸೀಮೆಯ ಹಕ್ಕಿ, ನೀರು ಕುಡಿಯುವುದೇ ಕಡಿಮೆ. ಕಾಯಿಲೆ ಬಂದರೆ ಇನ್ನೂ ಕಡಿಮೆ. ನೀರು ಕಹಿಯಾದರೆ ಮುಟ್ಟುವುದೇ ಇಲ್ಲ. ಎಷ್ಟು ಔಷಧಿ ಒಳಗೆ ಹೋಯಿತು ಎಂದು ಯಾರಿಗೂ ಗೊತ್ತಾಗುವುದಿಲ್ಲ. ಕ್ಲಮೈಡಿಯಾ ಆಗಿದ್ದರೆ ನಾಲ್ಕು ದಿನಕ್ಕೆ ಹಕ್ಕಿ ಚುರುಕಾದಂತೆ ಕಾಣುತ್ತದೆ, ಅಷ್ಟೇ. ಅದಕ್ಕೆ ಡಾಕ್ಸಿಸೈಕ್ಲಿನ್ ಕೋರ್ಸ್ ಸಾಮಾನ್ಯವಾಗಿ 45 ದಿನ. ನಡುವೆ ಬಿಟ್ಟರೆ ಅದೇ ಹಕ್ಕಿ ಉಳಿದವಕ್ಕೆ ರೋಗ ಹಂಚುತ್ತಿರುತ್ತದೆ.

ಇನ್ನೊಂದು ವಿಷಯ. ಕಡಲತೀರದವರು ಪಂಜರಕ್ಕೆ ಸಮುದ್ರ ನೊರೆ (ಕಟಲ್ ಫಿಶ್‌ನ ಬಿಳಿ ಚಿಪ್ಪು) ಸಿಕ್ಕಿಸಿಡುತ್ತೀರಿ. ಒಳ್ಳೆಯದೇ, ಕ್ಯಾಲ್ಸಿಯಂ ಸಿಗುತ್ತದೆ. ಆದರೆ ಕ್ಯಾಲ್ಸಿಯಂ ಈ ಟೆಟ್ರಾಸೈಕ್ಲಿನ್, ಡಾಕ್ಸಿಸೈಕ್ಲಿನ್, ಎನ್‌ರೋಫ್ಲಾಕ್ಸಾಸಿನ್‌ಗಳನ್ನು ಹೊಟ್ಟೆಯಲ್ಲೇ ಹಿಡಿದುಕೊಳ್ಳುತ್ತದೆ, ರಕ್ತಕ್ಕೆ ಸೇರಲು ಬಿಡುವುದಿಲ್ಲ. ಔಷಧಿ ನಡೆಯುವಾಗ ಅದನ್ನು ತೆಗೆದಿಡುವುದೋ ಬೇಡವೋ ಎಂದು ನಿಮ್ಮ ಡಾಕ್ಟರನ್ನು ಕೇಳಿಕೊಳ್ಳಿ.

ಪ್ರಶ್ನೆ (ಕುಮಟಾ): ನಮ್ಮ ಬಡ್ಜಿ ಇಡೀ ದಿನ ತಿಂತಾ ಇರುತ್ತದೆ, ಆದರೂ ಎದೆ ಮೂಳೆ ಚೂಪಾಗಿ ಕಾಣುತ್ತದೆ. ಹಿಕ್ಕೆಯಲ್ಲಿ ಕಾಳು ಹಾಗೇ ಬರುತ್ತದೆ, ಆಗಾಗ ವಾಂತಿ. ಬೇರೆ ಬೇರೆ ಆ್ಯಂಟಿಬಯಾಟಿಕ್ ಕೊಟ್ಟಾಯಿತು. 'ಮೆಗಾಬ್ಯಾಕ್ಟೀರಿಯಾ' ಅಂತೆ.

ಡಾಕ್ಟರ್: ಅದು ಬ್ಯಾಕ್ಟೀರಿಯಾ ಅಲ್ಲ ತಮ್ಮ, ಒಂದು ಬಗೆಯ ಯೀಸ್ಟ್. ಮೊದಲು ಬ್ಯಾಕ್ಟೀರಿಯಾ ಎಂದೇ ತಿಳಿದಿದ್ದರು. ಈಗಿನ ಹೆಸರು ಮ್ಯಾಕ್ರೋರ್‍ಹ್ಯಾಬ್ಡಸ್. ಆ್ಯಂಟಿಬಯಾಟಿಕ್ ಎಷ್ಟು ಕೊಟ್ಟರೂ ಅದಕ್ಕೆ ಏನೂ ಆಗುವುದಿಲ್ಲ, ಆ್ಯಂಫೊಟೆರಿಸಿನ್‌ನಂಥ ಶಿಲೀಂಧ್ರದ ಔಷಧಿ ಬೇಕು. ಟೆಸ್ಟ್ ಸುಲಭ. ಆಗಷ್ಟೇ ಹಾಕಿದ ಹಿಕ್ಕೆಯನ್ನು ಒಂದು ಹನಿ ಸಲೈನ್‌ನಲ್ಲಿ ಕಲಸಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಉದ್ದುದ್ದ ಕಡ್ಡಿಗಳು ಕಾಣುತ್ತವೆ. ಒಂದು ಸಲ ಕಾಣದಿದ್ದರೆ ಇನ್ನೆರಡು ದಿನ ನೋಡಿಸಿ. ವಾಂತಿ ಇರುವುದರಿಂದ ಗಂಟಲ ಚೀಲದ ದ್ರವವನ್ನೂ ಬಿಸಿ ಆರುವ ಮೊದಲೇ ನೋಡಬೇಕು. ಟ್ರೈಕೊಮೊನಾಸ್ ಎಂಬ ಜೀವಿ ಇದ್ದರೆ ಓಡಾಡುವುದು ಕಾಣುತ್ತದೆ. ತಣ್ಣಗಾದರೆ ಸಿಗುವುದಿಲ್ಲ.

ಪ್ರಶ್ನೆ (ಶಿರಸಿ): ಸರ್, ಸ್ಯಾಂಪಲ್ ಕಳಿಸುವುದು ಎಲ್ಲಿಗೆ? ಹೇಗೆ?

ಡಾಕ್ಟರ್: ಸ್ವಾಬ್ ತೆಗೆಯುವುದು ನಿಮ್ಮ ಊರಿನ ಪಶುವೈದ್ಯರೇ ಮಾಡಬಹುದು. ಕಲ್ಚರ್‌ಗೆ ನಿಮಗೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು ಹತ್ತಿರ. ಬೆಂಗಳೂರಿಗಾದರೆ ಹೆಬ್ಬಾಳದಲ್ಲಿ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ ಇದೆ. ಕಾರವಾರದವರಿಗೆ ಗೋವಾ ಅನುಕೂಲ. ಎಲ್ಲೇ ಆಗಲಿ, ಸಾಕುಹಕ್ಕಿಯ ಸ್ಯಾಂಪಲ್ ತೆಗೆದುಕೊಳ್ಳುತ್ತೀರಾ, ಯಾವ ಟ್ಯೂಬ್ ಬೇಕು ಎಂದು ಮೊದಲೇ ಫೋನ್ ಮಾಡಿ ಕೇಳಿ. ಕಲ್ಚರ್ ಸ್ವಾಬ್ ಒಣಗಬಾರದು, ಟ್ರಾನ್ಸ್‌ಪೋರ್ಟ್ ಮೀಡಿಯಂ (ದಾರಿಯಲ್ಲಿ ಸ್ಯಾಂಪಲ್ ಕೆಡದಂತೆ ಇಡುವ ಪದಾರ್ಥ) ಇರುವ ಟ್ಯೂಬ್ ಬೇಕು. ಪಿಸಿಆರ್‌ಗೆ ಬಹಳ ಲ್ಯಾಬ್‌ಗಳು ಒಣ ಸ್ವಾಬ್ ಕೇಳುತ್ತವೆ.

ಥರ್ಮೋಕೋಲ್ ಡಬ್ಬಿಯಲ್ಲಿ ಐಸ್ ಪ್ಯಾಕ್ ಇಟ್ಟು, ನಡುವೆ ಪೇಪರ್ ಸುತ್ತಿ. ಹೆಪ್ಪುಗಟ್ಟಿಸಬೇಡಿ. 24 ಗಂಟೆಯೊಳಗೆ ಮುಟ್ಟಿದರೆ ಉತ್ತಮ. ಶನಿವಾರ ಸಂಜೆ ಬಸ್ಸಿಗೆ ಹಾಕಿದರೆ ಭಾನುವಾರವಿಡೀ ಪಾರ್ಸೆಲ್ ಆಫೀಸಿನಲ್ಲಿ ಕೂತಿರುತ್ತದೆ. ಮಳೆಗಾಲದಲ್ಲಿ ಘಟ್ಟದ ರಸ್ತೆಯನ್ನಂತೂ ನಂಬುವ ಹಾಗಿಲ್ಲ.

ಯಾವ ಔಷಧಿ, ಯಾವತ್ತು ಕೊಟ್ಟಿರಿ ಎಂಬುದನ್ನು ಫಾರ್ಮಿನಲ್ಲಿ ಬರೆಯಿರಿ. ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾದ ಅನುಮಾನ ಇದ್ದರೆ ಅದನ್ನೂ ಬರೆಯಿರಿ. ಅದನ್ನು ಹಿಡಿಯಲು ಬೇರೆ ದ್ರವದಲ್ಲಿ ಮೊದಲು ಬೆಳೆಸಬೇಕು, ಹೇಳದಿದ್ದರೆ ತಪ್ಪಿಹೋಗಬಹುದು.

ಪ್ರಶ್ನೆ (ಭಟ್ಕಳ): ನಮ್ಮ ಸನ್ ಕೊನ್ಯೂರ್ ಗಿಣಿ ಚುರುಕಾಗಿದೆ, ತೂಕ ಸರಿ ಇದೆ. ಸುಮ್ನೆ ಚೆಕ್ ಮಾಡಿಸಿದೆವು. ರಿಪೋರ್ಟಿನಲ್ಲಿ ಇ. ಕೋಲೈ ಸ್ವಲ್ಪ ಬಂದಿದೆ. ಗಾಬರಿ ಆಗಿದೆ. ಹಿಕ್ಕೆಯನ್ನು ಬೆಳಿಗ್ಗೆ ಟ್ರೇಯಿಂದ ತೆಗೆದಿದ್ದು.

ಡಾಕ್ಟರ್: ಟ್ರೇಯಿಂದ ತೆಗೆದದ್ದಾದರೆ ಆ ಇ. ಕೋಲೈ ಹಕ್ಕಿಯದ್ದೋ, ಟ್ರೇಯದ್ದೋ, ನಿಮ್ಮ ಕೈಯದ್ದೋ ಹೇಳಲು ಬರುವುದಿಲ್ಲ. ಹಕ್ಕಿ ಚೆನ್ನಾಗಿದ್ದರೆ ರಿಪೋರ್ಟಿಗೆ ಔಷಧಿ ಕೊಡಬೇಡಿ. ಗುದದ್ವಾರದ ಸ್ವಾಬ್‌ನಿಂದ ಇನ್ನೊಮ್ಮೆ ಮಾಡಿಸಿ, ಜೊತೆಗೆ ಗ್ರಾಮ್ ಸ್ಟೇನ್ ಕೂಡ. ಕುಡಿಯುವುದು ಬಾವಿ ನೀರಾದರೆ ಮಳೆಗಾಲ ಮುಗಿಯುವ ತನಕ ಕುದಿಸಿ ಆರಿಸಿ ಇಡಿ. ನೀರಿನ ಬಟ್ಟಲಲ್ಲಿ ಕೈ ಆಡಿಸಿದಾಗ ಲೋಳೆ ಸಿಕ್ಕರೆ ಕಾಯಿಲೆ ತರುವ ಬ್ಯಾಕ್ಟೀರಿಯಾ ಸೂಡೊಮೊನಾಸ್‌ಗೆ ಅದು ಒಳ್ಳೆಯ ಮನೆ.

ಪ್ರಶ್ನೆ (ಹೊನ್ನಾವರ): ನಮ್ಮಲ್ಲಿ ಫಿಂಚ್ ಒಂದೊಂದೇ ಸಾಯ್ತಾ ಇವೆ. ಇವತ್ತು ಸತ್ತದ್ದನ್ನು ಹೂಳಬೇಕು.

ಡಾಕ್ಟರ್: ಹೂಳಬೇಡಿ, ಲ್ಯಾಬಿಗೆ ಕಳಿಸಿ. ಫಿಂಚ್‌ನಷ್ಟು ಸಣ್ಣ ಹಕ್ಕಿಯಲ್ಲಿ ಸತ್ತದ್ದೇ ಉಳಿದವನ್ನು ಬದುಕಿಸುವುದು. ಕರುಳಿನಲ್ಲಿ ಯಾವಾಗಲೂ ಬ್ಯಾಕ್ಟೀರಿಯಾ ಇರುತ್ತವೆ, ಲಿವರ್‌ನಲ್ಲಿ ಇರಬಾರದು. ಆಗಷ್ಟೇ ಸತ್ತ ಹಕ್ಕಿಯ ಲಿವರ್‌ನಿಂದ ಒಂದೇ ಜಾತಿಯದು ರಾಶಿ ಬೆಳೆದರೆ ಹೆಚ್ಚುಕಮ್ಮಿ ಅದೇ ಕಾರಣ. ಗ್ಲೌಸ್ ಹಾಕಿ, ಗರಿಯನ್ನು ಸೋಪು ನೀರಿನಲ್ಲಿ ನೆನೆಸಿ, ಎರಡು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಐಸ್ ಪ್ಯಾಕ್ ಜೊತೆ ಡಬ್ಬಿಯಲ್ಲಿಡಿ. ಫ್ರೀಜರ್ ಬೇಡ, ಮಾಂಸ ಕರಗುವಾಗ ಹಾಳಾಗುತ್ತದೆ. ಹಕ್ಕಿಯನ್ನು ನೀವೇ ಕೊಯ್ದು ನೋಡಬೇಡಿ. ಒಂದೇ ಸಲ ಬಹಳ ಸತ್ತರೆ, ಅಕ್ಕಪಕ್ಕದ ಕೋಳಿ, ಕಾಗೆ ಸತ್ತರೆ ಹಕ್ಕಿಜ್ವರದ ಅನುಮಾನ ಇರುತ್ತದೆ. ಮೊದಲು ಪಶುಪಾಲನಾ ಇಲಾಖೆಗೆ ಹೇಳಿ.

ಕೋಡಿಬಾಗ, ಕಾರವಾರ: ಡಾಕ್ಟ್ರೇ, ಮನೆಯಲ್ಲಿ ನಮ್ಮ ಅತ್ತೆಗೆ ಜ್ವರ, ಒಣ ಕೆಮ್ಮು. ನೀವು ಹೇಳಿದ ಕ್ಲಮೈಡಿಯಾ ಮನುಷ್ಯರಿಗೂ ಬರುತ್ತದಾ?

ಡಾಕ್ಟರ್: ಬರುತ್ತದೆ. ಒಣಗಿದ ಹಿಕ್ಕೆಯ ಧೂಳು ಉಸಿರಿನಲ್ಲಿ ಹೋದರೆ ಬರಬಹುದು. ಅತ್ತೆಯವರದ್ದು ಮಳೆಗಾಲದ ಮಾಮೂಲಿ ಜ್ವರವೇ ಇರಬಹುದು, ಆದರೆ ಇವತ್ತೇ ತೋರಿಸಿ. ಮನೆಯಲ್ಲಿ ಹಕ್ಕಿ ಇವೆ, ಒಂದಕ್ಕೆ ಹುಷಾರಿಲ್ಲ ಎಂದು ಅವರ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಅವರಿಗೆ ಹೊಳೆಯುವುದು ಕಷ್ಟ. ಔಷಧಿ ಇದೆ, ಹೆದರಬೇಡಿ. ಅತ್ತೆಯವರು ಪಂಜರದ ಹತ್ತಿರ ಹೋಗುವುದು ಬೇಡ. ಕ್ಲೀನ್ ಮಾಡುವವರು ಎನ್-95 ಮಾಸ್ಕ್ ಹಾಕಿ, ಹಿಕ್ಕೆಗೆ ನೀರು ಚಿಮುಕಿಸಿ ಒರೆಸಿ. ಪೊರಕೆಯಲ್ಲಿ ಒಣ ಗುಡಿಸಬೇಡಿ.

ಕೋಡಿಬಾಗ, ಕಾರವಾರ: ಆಯ್ತು ಡಾಕ್ಟ್ರೇ. ಅತ್ತೆಯನ್ನು ಈಗಲೇ ಆಸ್ಪತ್ರೆಗೆ ಕರೆದೊಯ್ಯುತ್ತೇವೆ. ಹಕ್ಕಿಯನ್ನು ನಾಳೆ ಬೆಳಿಗ್ಗೆ ನಿಮ್ಮಲ್ಲಿಗೆ ತರಬಹುದಾ? ಪಂಜರ ತೊಳೆದು ತರುತ್ತೇನೆ.

ಡಾಕ್ಟರ್: ತನ್ನಿ, ಆದರೆ ತೊಳೆಯಬೇಡಿ. ಇವತ್ತು ರಾತ್ರಿ ಟ್ರೇಗೆ ಹೊಸ ಬಿಳಿ ಹಾಳೆ ಹಾಸಿ, ಹಾಗೇ ತನ್ನಿ. ರಾತ್ರಿಯಿಡೀ ಎಷ್ಟು ಹಿಕ್ಕೆ, ಯಾವ ಬಣ್ಣ ಎಂದು ನಾನೂ ನೋಡಬೇಕು. ತಂದಿಟ್ಟ ಡ್ರಾಪ್ಸ್ ಬಾಟಲಿಯೂ ಜೊತೆಗಿರಲಿ. ಪಂಜರಕ್ಕೆ ಬಟ್ಟೆ ಮುಚ್ಚಿ, ಗಾಳಿಗೆ ಸ್ವಲ್ಪ ಜಾಗ ಬಿಡಿ.